ಹಳೆ ಸೇತುವೆ ಮಾರ್ಗವಾಗಿ

ಆ ಬೆಳಿಗ್ಗೆ ಬಸ್ ನಿಲ್ದಾಣದ ಮೈಕು ಬಾಯಿ ಬಿಡಲಿಲ್ಲ. ಬಸ್ಸುಗಳು ಬಂದವು, ನಿಂತವು, ಹೊರಟವು. ಜನ ಮಾತ್ರ ಕಂಬಕ್ಕೆ ಕಟ್ಟಿದ ಸ್ಪೀಕರನ್ನೇ ನೋಡುತ್ತ ಕತ್ತು ನೋಯಿಸಿಕೊಂಡರು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಎಂದು ಕೇಳಿ ಕೇಳಿ ಕಂಡಕ್ಟರುಗಳ ತಲೆ ತಿಂದರು. ಮಾತಾಡುವವರು ಒಂದು ದಿನ ಸುಮ್ಮನಾದರೆ ತಾನೇ ನಮಗೆ ಅವರ ನೆನಪಾಗುವುದು.

ಅಲ್ಲಿ ಮಾತಾಡುತ್ತಿದ್ದವಳು ಮೈಕಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಟಿಕೆಟ್ ಕೌಂಟರಿನ ಪಕ್ಕದ ಗಾಜಿನ ಕೋಣೆಯಲ್ಲಿ ಕೂತು ಬಸ್ಸುಗಳನ್ನು ಕೂಗುವುದು ಅವಳ ಕೆಲಸ. ಕೂಗುವುದರಲ್ಲೂ ಅವಳದೇ ಒಂದು ಪದ್ಧತಿ. "ಬಂದರಿನ ಬಸ್ಸು" ಎಂದು ಹೇಳಿ ಕೈತೊಳೆದುಕೊಳ್ಳುವವಳಲ್ಲ. ಬಂದರಿಗೆ ಹೋಗುವ ಬಸ್ಸು, ಹಳೆ ಸೇತುವೆ ಮಾರ್ಗವಾಗಿ, ಆಸ್ಪತ್ರೆ ಮುಂದೆ ಹಾದು, ಮೂರನೇ ಪ್ಲಾಟ್‌ಫಾರ್ಮಿನಿಂದ. ಹೀಗೆ ಪೂರ್ತಿ ದಾರಿ ಹೇಳಿ ಮುಗಿಸಿದ ಮೇಲೆಯೇ ಉಸಿರು ಬಿಡುತ್ತಿದ್ದಳು. ಹಿಂದಿದ್ದ ಮ್ಯಾನೇಜರೊಬ್ಬರು ಇಷ್ಟುದ್ದ ಯಾಕಮ್ಮಾ ಎಂದು ಕೇಳಿದ್ದಕ್ಕೆ, "ಊರಿನ ಹೆಸರು ಬೋರ್ಡ್ ಮೇಲೂ ಇರುತ್ತೆ ಸಾರ್, ದಾರಿ ಹೇಳೋಕೆ ನಾನಿರೋದು" ಎಂದು ಅವರ ಬಾಯಿ ಮುಚ್ಚಿಸಿದ್ದಳು.

ಅಂಥವಳ ಗಂಟಲಿಗೇ ಗಡ್ಡೆ ಬಂತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಅಳುವವರು ಅಳಲಿ ಎಂದು ನೆಂಟರನ್ನೆಲ್ಲ ಹೊರಗಿನ ಕೋಣೆಯಲ್ಲೇ ಬಿಟ್ಟು, ಅಮ್ಮ ಮಗಳನ್ನು ಒಳಗೆ ಕರೆದು ಎದುರಿಗೆ ಕೂರಿಸಿಕೊಂಡಳು. "ಹೋಗೋದು ಹೋಗುತ್ತೆ. ಅಷ್ಟರೊಳಗೆ ಹಿಡಿದಿಡು" ಎಂದಳು.

ಮಗಳು ಔಷಧಿ ಗೋದಾಮೊಂದರಲ್ಲಿ ಪ್ರೋಗ್ರಾಂ ಬರೆಯುವ ಕೆಲಸದವಳು. ಬಟ್ಟೆ ಬೀರು ಇಡುವ ಸಣ್ಣ ಕೋಣೆಗೆ ಸುತ್ತಲೂ ಕಂಬಳಿ ನೇತುಹಾಕಿ, ಆಪರೇಷನ್ನಿನ ದಿನ ಬರುವ ತನಕ ಸಂಜೆ ಸಂಜೆ ಅಮ್ಮನನ್ನು ಮೈಕಿನ ಮುಂದೆ ಕೂರಿಸಿದಳು. ಊರುಗಳು, ದಾರಿಗಳು, ಅಂಕಿಗಳು, ಗಮನಿಸಿ, ದಯವಿಟ್ಟು, ಬೆಳಗಿನ, ಅಡಚಣೆಗೆ, ಕಾರಣ, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿದಳು. ಮನೆಯಲ್ಲಿ ಬೇಕಾಗುತ್ತದೆಂದು ಆಗಲ್ಲ, ಬೇಡ, ನಾನಲ್ಲ ಎಂಬವನ್ನೂ ಸೇರಿಸಿದಳು. ಅಮ್ಮನ ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದುದು ಅವೇ.

ಒಂದೇ ಒಂದು ಮಾತಿಗೆ ಅಮ್ಮ ಬಾಯಿ ತೆರೆಯಲಿಲ್ಲ. ವಿಷಾದಿಸುತ್ತೇವೆ ಎಂಬ ಮಾತು ಅದು.

"ಅದು ಬೇಡ."

"ಬೇಡ ಅಂದ್ರೆ ಹೇಗಮ್ಮಾ? ದಿನಾ ಒಂದಲ್ಲ ಒಂದು ಬಸ್ ಲೇಟಾಗುತ್ತಲ್ಲ."

"ಲೇಟ್ ಮಾಡೋರು ಅವರು, ವಿಷಾದ ಮಾತ್ರ ನಂದಾ? ಇಷ್ಟು ವರ್ಷ ಹೇಳಿದ್ದೇ ಸಾಕು. ಉಳಿದಿರೋ ದನೀನ ಅದಕ್ಕೆ ಖರ್ಚು ಮಾಡಲ್ಲ."

ಮಗಳು ಗೋಗರೆದಳು, ಬೈದೂ ನೋಡಿದಳು. ಅಮ್ಮ ಜಗ್ಗಲಿಲ್ಲ. ಆಪರೇಷನ್ ಆಯಿತು, ಆ ಮಾತು ಸೇರದೆಯೇ ಹೋಯಿತು.

ಆಮೇಲೆ ಮಗಳು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಅದನ್ನು ಓಡಿಸುವ ಪೈಥಾನ್ ಎಂಬ ತಂತ್ರಾಂಶವನ್ನೂ ಸೇರಿಸಿ ಗಾಜಿನ ಕೋಣೆಯ ಕಂಪ್ಯೂಟರಿಗೆ ಹಾಕಿಕೊಟ್ಟಳು. ಅಮ್ಮ ಕೀಲಿಮಣೆಯಲ್ಲಿ ಟೈಪ್ ಮಾಡಿದರೆ ಅದು ಹಿಡಿದಿಟ್ಟ ಮಾತುಗಳನ್ನು ಹೆಕ್ಕಿ, ಜೋಡಿಸಿ, ಅಮ್ಮನದೇ ದನಿಯಲ್ಲಿ ಸ್ಪೀಕರಿಗೆ ಕಳಿಸುತ್ತಿತ್ತು. ನಿಲ್ದಾಣದಲ್ಲಿ ಅರ್ಧ ಜನಕ್ಕೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲೂ ಅದೇ ಇತ್ತು. ಚಹಾ ಕೊಡಲಾ ಎಂದು ಕೇಳಿದರೆ "ಬೇಡ" ಎಂದು ಬಸ್ ನಿಲ್ದಾಣದ ಗತ್ತಿನಲ್ಲಿ ಉತ್ತರ ಬರುತ್ತಿತ್ತು. ಮೊದಮೊದಲು ಮಗಳು ನಕ್ಕು ನಕ್ಕು ಸುಸ್ತಾಗಿದ್ದಳು. ಒಂದು ಸಂಜೆ ಮಾತ್ರ ನಗುತ್ತ ನಗುತ್ತಲೇ ಅತ್ತುಬಿಟ್ಟಿದ್ದಳು.

ಇಂಥ ಪ್ರೋಗ್ರಾಂ ಈಗ ಬಾಯಿ ಮುಚ್ಚಿಕೊಂಡಿತ್ತು. "ಮಾತಾಡ್ತಿಲ್ಲ. ಬಾ" ಎಂದು ಅಮ್ಮ ಫೋನಿಗೆ ಬರೆದು ಕಳಿಸಿದ್ದೇ ತಡ, ಮಗಳು ಗೋದಾಮಿಗೆ ರಜೆ ಹೇಳಿ ಓಡಿಬಂದಳು. ಕೋಣೆಯೊಳಗೆ ಅವಳಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬರು ಮ್ಯಾನೇಜರು. ಇನ್ನೊಬ್ಬ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೂ ಕಂಪ್ಯೂಟರನ್ನೇ ಪೂರ್ತಿ ಒರೆಸಿ ಹಾಕಬೇಕು, ಫಾರ್ಮ್ಯಾಟ್ ಮಾಡಬೇಕು ಎನ್ನುವ ಆಸಾಮಿ. ಅದಕ್ಕೇ ಅವನಿಗೆ ಫಾರ್ಮ್ಯಾಟಣ್ಣ ಎಂದೇ ಹೆಸರು ಬಿದ್ದಿತ್ತು.

"ಏನೂ ಚಿಂತೆ ಮಾಡಬೇಡಮ್ಮಾ" ಎಂದ ಫಾರ್ಮ್ಯಾಟಣ್ಣ ಮಗಳನ್ನು ನೋಡಿ. "ಎಲ್ಲ ಒರೆಸಿ ಹಾಕಿಬಿಡ್ತೀನಿ. ನಿಮ್ಮದು ಹೋದ್ರೂ ಪರವಾಗಿಲ್ಲ, ಹೊಸ ಡಬ್ಬಿ ತಂದಿದ್ದೀವಿ. ತಾನೇ ಮಾತಾಡುತ್ತೆ."

ಮೇಜಿನ ಮೇಲೆ ಕಪ್ಪು ಡಬ್ಬಿಯೊಂದು ಕೂತಿತ್ತು. ಅದರ ತಂತಿಯನ್ನು ಸ್ಪೀಕರಿಗೆ ಆಗಲೇ ಸಿಕ್ಕಿಸಿಯಾಗಿತ್ತು.

"ನಿನ್ನೆ ತನಕ ಚೆನ್ನಾಗಿತ್ತಲ್ಲ" ಎಂದಳು ಮಗಳು. "ನಿನ್ನೆ ಏನು ಮಾಡಿದ್ರಿ?"

"ಏನೂ ಮಾಡಿಲ್ಲ. ಹೊರಗೆ ಹೊಸ ಲೈಟ್ ಬೋರ್ಡ್ ಬಂದಿದೆಯಲ್ಲ, ಅದಕ್ಕೆ ಹೊಸ ಪೈಥಾನ್ ಬೇಕಂದ್ರು, ಹಾಕಿದೆ. ಅಷ್ಟೇ."

ಅಷ್ಟೇ ಅಂತೆ. ಬೇರೆಯವರ ಅಡುಗೆಮನೆಗೆ ಹೋಗಿ ಒಲೆ ಬದಲಿಸಿ ಬಂದು ಅಷ್ಟೇ ಎನ್ನುವವರ ಜೊತೆ ಏನು ಮಾತಾಡುವುದು. ಮಗಳು ಹಲ್ಲು ಕಚ್ಚಿಕೊಂಡಳು.

ಮ್ಯಾನೇಜರು ಕೆಟ್ಟವರೇನಲ್ಲ, ಆದರೆ ಯಾರು ಕೊನೆಗೆ ಮಾತಾಡಿದರೋ ಅವರದೇ ಸರಿ ಎನ್ನುವ ಪೈಕಿ. ಮೈಕಮ್ಮನನ್ನು ನೇರ ನೋಡದೆ ಗಾಜಿನಾಚೆ ನೋಡುತ್ತ ಹೇಳಿದರು. "ನೋಡಿ, ಇದು ಸರ್ವೀಸು. ಮಧ್ಯಾಹ್ನದ ಬಂದರು ಬಸ್ಸನ್ನ ನಿಮ್ಮ ಪ್ರೋಗ್ರಾಂ ಕೂಗಿದ್ರೆ ಇರಲಿ. ಇಲ್ಲದಿದ್ರೆ ಇವತ್ತಿಂದ ಡಬ್ಬಿ. ಮೈಕಮ್ಮನೋರು ಮನೇಲಿ ಆರಾಮಾಗಿರಲಿ, ಸಾಕಷ್ಟು ದುಡಿದಿದ್ದಾರೆ."

ಬಾಗಿಲಲ್ಲಿ ನಾಲ್ಕಾರು ಡ್ರೈವರುಗಳು, ಕಂಡಕ್ಟರುಗಳು ನಿಂತು ಕೇಳುತ್ತಿದ್ದರು. ಮ್ಯಾನೇಜರು ಅಷ್ಟು ಜನರೆದುರು ಮಾತು ಕೊಟ್ಟಂತಾಯಿತು.

"ಮನೆಯಿಂದ ಲ್ಯಾಪ್‌ಟಾಪ್ ತಂದು ಸಿಕ್ಕಿಸ್ತೀನಿ, ಸದ್ಯಕ್ಕೆ" ಎಂದಳು ಮಗಳು.

"ಹೊರಗಿನ ಮಿಷನ್ ಸಿಕ್ಕಿಸೋ ಹಾಗಿಲ್ಲ" ಎಂದ ಫಾರ್ಮ್ಯಾಟಣ್ಣ. "ರೂಲ್ಸು."

ಆರಾಮ ಎಂಬ ಮಾತು ಕೇಳಿ ಅಮ್ಮನ ಮುಖ ಕೆಂಪಾಗಿತ್ತು. ಅವಳು ಮೇಜಿನ ಕೆಳಗಿದ್ದ ಸ್ಲೇಟು ತೆಗೆದು ದೊಡ್ಡದಾಗಿ "ಫಾರ್ಮ್ಯಾಟ್ ಆಗಲ್ಲ" ಎಂದು ಬರೆದು ಇಬ್ಬರ ಮುಖಕ್ಕೂ ಹಿಡಿದಳು. ಆಮೇಲೆ ಅದನ್ನು ಒರೆಸಿ, ಮುಂದಿನ ಬಸ್ಸಿನ ಹೆಸರು, ದಾರಿ, ಪ್ಲಾಟ್‌ಫಾರ್ಮು ಬರೆದುಕೊಂಡು, ಸ್ಲೇಟನ್ನು ತಲೆಯ ಮೇಲೆತ್ತಿ ಹಿಡಿದು ಹೊರಗೆ ನಡೆದೇಬಿಟ್ಟಳು. ಮ್ಯಾನೇಜರು "ಅಯ್ಯೋ, ಕೂತ್ಕೊಳ್ಳಿ ನೀವು" ಎನ್ನುತ್ತ ಹಿಂದೆ ಹೋದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗಳು ಕುರ್ಚಿ ಎಳೆದುಕೊಂಡು ಕೂತಳು. ಹಿಡಿದಿಟ್ಟ ದನಿಗೆ ಇನ್ನೊಂದು ಪ್ರತಿ ಮನೆಯಲ್ಲಿತ್ತು, ಅದು ಹೋಗುವ ಭಯವಿರಲಿಲ್ಲ. ಭಯ ಬೇರೆಯೇ. ಆ ಕಚೇರಿಯಲ್ಲಿ ಸದ್ಯಕ್ಕೆ ಎಂದು ಇಟ್ಟದ್ದು ಎಂದೂ ಎದ್ದುಹೋದದ್ದಿಲ್ಲ. ಮುರಿದ ಬೆಂಚಿನ ಕೆಳಗೆ ಸದ್ಯಕ್ಕೆ ಎಂದು ಇಟ್ಟ ಇಟ್ಟಿಗೆಗಳು ಅವಳು ಶಾಲೆಗೆ ಹೋಗುತ್ತಿದ್ದಾಗಿನಿಂದಲೂ ಅಲ್ಲೇ ಇದ್ದವು. ಈ ಡಬ್ಬಿ ಒಂದು ಸಲ ಕೂತರೆ ಅಮ್ಮ ಎದ್ದಳು ಎಂದೇ ಲೆಕ್ಕ.

ಪ್ರೋಗ್ರಾಮಿನ ಚಿತ್ರದ ಮೇಲೆ ಒತ್ತಿದರೆ ಕಪ್ಪು ಕಿಟಕಿಯೊಂದು ಕಣ್ಣು ಮಿಟುಕಿಸಿ ಮಾಯವಾಗುತ್ತಿತ್ತು. ಅವಳು ಬೇರೆ ಕಿಟಕಿ ತೆರೆದು ಕೈಯಾರೆ ಓಡಿಸಿದಳು. ದನಿ ಹೊರಡಿಸಲು ಬೇಕಾದ ಲೈಬ್ರರಿ, ಅಂದರೆ ಪೈಥಾನಿನ ಜೊತೆ ಸೇರಿಸುವ ಸಿದ್ಧ ಪ್ರೋಗ್ರಾಂಗಳ ಕಟ್ಟು, ಇಲ್ಲ ಎಂದಿತು. ಸರಿ, ಹಾಕೋಣ ಎಂದು ಹಾಕಲು ಹೋದಳು. ಆಗಲೇ ಇದೆ ಎಂದಿತು. ಮತ್ತೆ ಓಡಿಸಿದಳು. ಇಲ್ಲ. ಮತ್ತೆ ಹಾಕಿದಳು. ಇದೆ. ಹಾಕಲು ಹೋದರೆ ಇದೆ ಎನ್ನುವುದು, ಓಡಿಸಲು ಹೋದರೆ ಇಲ್ಲ ಎನ್ನುವುದು, ಒಂದೇ ಕಿಟಕಿಯೊಳಗೆ ಒಂದೇ ಮುಖದಲ್ಲಿ. ಅವಳ ಪಿತ್ತ ನೆತ್ತಿಗೇರಿತು.

"ಫಾರ್ಮ್ಯಾಟ್ ಮಾಡಿದ್ರೆ ಇದೆಲ್ಲ ತಲೆನೋವೇ ಇರಲ್ಲ" ಎಂದು ಹಿಂದಿನಿಂದ ಫಾರ್ಮ್ಯಾಟಣ್ಣ ರಾಗ ಎಳೆದ.

"ತಲೆನೋವು ಅಂತ ತಲೆ ತೆಗೀತಾರಾ ಅಣ್ಣಾ?"

ಅವಳು ತಿರುಗಿ ಕೂಡ ನೋಡಲಿಲ್ಲ. ಇದೆ ಎನ್ನುತ್ತೀಯಲ್ಲ, ಎಲ್ಲಿದೆ ಹೇಳು ಎಂದು ಕಂಪ್ಯೂಟರನ್ನೇ ಕೇಳಿದಳು. ಪೈಥಾನ್ ಎಂಬ ಹೆಸರಿನವರೆಲ್ಲ ತಮ್ಮ ವಿಳಾಸ ಹೇಳಿ ಎಂದಳು. ಒಂದರ ಕೆಳಗೊಂದು ವಿಳಾಸ ಬಂದು ನಿಂತವು. ಮೇಲೆ ಫಾರ್ಮ್ಯಾಟಣ್ಣನ ಹೊಸ ಪೈಥಾನು. ಅದರ ಕೆಳಗೆ ಅವಳದೇ ಹಳೆಯದು. ತೀರಾ ಕೆಳಗೆ ಯಾತಕ್ಕೂ ಬಾರದ ಇನ್ನೊಂದು, ಪ್ರೋಗ್ರಾಂ ಇಳಿಸಿಕೊಳ್ಳುವ ಅಂಗಡಿಯ ಪುಟ ತೆರೆದು ತೋರಿಸುವುದಷ್ಟೇ ಅದರ ಕೆಲಸ.

ಈಗ ಗೊತ್ತಾಯಿತು. ಬರೀ ಪೈಥಾನ್ ಎಂದು ಕರೆದರೆ ಕಂಪ್ಯೂಟರು ತನ್ನ ವಿಳಾಸಗಳ ಸಾಲನ್ನು ಮೇಲಿನಿಂದ ನೋಡುತ್ತ ಹೋಗಿ, ಮೊದಲು ಸಿಕ್ಕವನನ್ನು ಎಬ್ಬಿಸಿ ತರುತ್ತದೆ. ನಿನ್ನೆ ಫಾರ್ಮ್ಯಾಟಣ್ಣ ತನ್ನದನ್ನು ಆ ಸಾಲಿನ ತಲೆಗೇ ಕೈಯಾರೆ ತುರುಕಿದ್ದ. ತುರುಕಿದ್ದಾದರೂ ಪೂರ್ತಿ ತುರುಕಿದ್ದನೇ, ಅದೂ ಇಲ್ಲ. ಲೈಬ್ರರಿಗಳನ್ನು ಹಾಕುವ ಹತಾರದ ವಿಳಾಸ ಸೇರಿಸಲು ಮರೆತಿದ್ದ. ಹಾಗಾಗಿ ಹಾಕುವ ಕೆಲಸ ಹಳೆಯ ಮನೆಯಲ್ಲಿ ನಡೆಯುತ್ತಿತ್ತು, ಓಡಿಸುವ ಕೆಲಸ ಹೊಸ ಮನೆಯಲ್ಲಿ. ಇದೆ ಎಂದದ್ದೂ ನಿಜ, ಇಲ್ಲ ಎಂದದ್ದೂ ನಿಜ. ಇಬ್ಬರೂ ಅವರವರ ಮನೆಯ ಮಾತು ಹೇಳುತ್ತಿದ್ದರು.

ಅವಳು ಹೊಸದಕ್ಕೇ ಲೈಬ್ರರಿ ಹಾಕಿ ನೋಡಿದಳು. ಆ ಲೈಬ್ರರಿ ಹಳೆಯ ಪೈಥಾನಿಗೆ ಹೊಂದುವಂಥದ್ದು, ಹೊಸದು ಅದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಹೊಸದನ್ನು ಕಿತ್ತುಹಾಕಿದರೆ ಹೊರಗಿನ ಲೈಟ್ ಬೋರ್ಡು ಆರಿಹೋಗುತ್ತದೆ, ಅದರ ಪಾಪವೂ ಅಮ್ಮನ ತಲೆಗೇ ಬರುತ್ತದೆ. ಸಾಲಿನಲ್ಲಿ ತನ್ನದನ್ನು ಮೇಲಕ್ಕೆ ತರೋಣ ಎಂದು ವಿಳಾಸಗಳ ಜಾಗ ಬದಲಿಸಿದಳು. ಕಿಟಕಿ ಮುಚ್ಚಿ ಹೊಸದಾಗಿ ತೆರೆದಳು. ಎಳ್ಳಷ್ಟೂ ಬದಲಾಗಲಿಲ್ಲ. ಅವಳು ಮುಟ್ಟಬಹುದಾಗಿದ್ದದ್ದು ಅಮ್ಮನ ಹೆಸರಿನ ಖಾತೆಯ ಸಾಲು ಮಾತ್ರ. ಅದಕ್ಕೂ ಮೊದಲು ಇಡೀ ಯಂತ್ರಕ್ಕೆ ಸೇರಿದ ಸಾಲು ಬರುತ್ತಿತ್ತು, ಅದಕ್ಕೆ ಬೀಗ.

"ಅಣ್ಣಾ, ಅಡ್ಮಿನ್ ಪಾಸ್‌ವರ್ಡ್ ಹಾಕಿಕೊಡಿ. ನಿಮ್ಮ ಪೈಥಾನನ್ನ ಒಂದು ಮೆಟ್ಟಿಲು ಕೆಳಗೆ ಇಳಿಸ್ತೀನಿ, ಅಷ್ಟೇ. ನಿಮ್ಮ ಬೋರ್ಡಿಗೆ ಏನೂ ಆಗಲ್ಲ."

"ಪಾಸ್‌ವರ್ಡ್ ಹಾಗೆಲ್ಲ ಕೊಡೋಕಾಗಲ್ಲಮ್ಮಾ."

"ನಂಗೆ ಹೇಳಬೇಡಿ. ನೀವೇ ಟೈಪ್ ಮಾಡಿ, ನಾನು ಆ ಕಡೆ ತಿರುಗಿ ನಿಂತ್ಕೋತೀನಿ."

"ಮೇಲಿಂದ ಪರ್ಮಿಷನ್ ಬೇಕು" ಎಂದ ಅವನು. "ಅದು ಬರೋ ಹೊತ್ತಿಗೆ ನಾಳೆ ನಾಡಿದ್ದಾಗುತ್ತೆ. ಯಾಕಿಷ್ಟು ಹಟ? ನಿಮ್ಮ ಅಮ್ಮಂಗೂ ವಯಸ್ಸಾಯ್ತು. ಇದನ್ನ ಕೇಳು ಒಂದು ಸಲ, ಎಷ್ಟು ಚೆನ್ನಾಗಿದೆ."

ಅವನು ಡಬ್ಬಿಯ ಗುಂಡಿ ಒತ್ತಿದ. ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥ ದನಿಯೊಂದು ಇಡೀ ನಿಲ್ದಾಣದ ಮೇಲೆ ಹರಿಯಿತು. "ಬಂದರಿಗೆ ಹೋಗುವ ಬಸ್ಸು ಸಿದ್ಧವಾಗಿದೆ."

ಸಿದ್ಧವಾಗಿದ್ದವು ಎರಡು. ಒಂದು ಹಳೆ ಸೇತುವೆಯ ಮೇಲೆ ಆಸ್ಪತ್ರೆ ಮುಂದೆ ಹೋಗುವುದು, ಇನ್ನೊಂದು ಊರ ಹೊರಗಿನ ಹೆದ್ದಾರಿ ಹಿಡಿದು ಎಲ್ಲೂ ನಿಲ್ಲದೆ ಹೋಗುವುದು. ಎರಡರ ಹಣೆಯ ಮೇಲೂ ಬಂದರು ಎಂದೇ ಬೋರ್ಡು. ಬೆಳಗಿನಿಂದ ಒಂದು ಮಾತಿಗಾಗಿ ಕಾದಿದ್ದ ಜನ ಗಂಟುಮೂಟೆ ಎತ್ತಿಕೊಂಡು ದಡಬಡನೆ ಎದ್ದರು. ಹತ್ತಿರ ಕಂಡದ್ದಕ್ಕೆ ನುಗ್ಗಿದರು. ಕೈಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದ ಹೆಂಗಸೊಬ್ಬಳು ಹೆದ್ದಾರಿ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಳು.

ಮಗಳು ಗಾಜಿನಿಂದ ನೋಡಿದಳು. ಆ ನೂಕುನುಗ್ಗಲಿನ ನಡುವೆ ಅಮ್ಮ ಸ್ಲೇಟು ಎತ್ತಿ ಹಿಡಿದು ಬಸ್ಸಿನ ಬಾಗಿಲಿಗೇ ಅಡ್ಡ ನಿಂತಿದ್ದಳು. ಪ್ಲಾಸ್ಟರಿನ ಹೆಂಗಸಿನ ಸರಿಯಿದ್ದ ತೋಳು ಹಿಡಿದು ಮೆಲ್ಲಗೆ ಇಳಿಸಿ, ಸ್ಲೇಟು ತೋರಿಸಿ, ಪಕ್ಕದ ಬಸ್ಸಿನತ್ತ ಕೈ ಮಾಡಿದಳು. ಕಂಡಕ್ಟರು ಏನೋ ಗೊಣಗಿದ. ಅಮ್ಮ ಸ್ಲೇಟನ್ನು ಅವನ ಮೂಗಿನ ಹತ್ತಿರಕ್ಕೇ ಒಯ್ದಳು. ಸೀಮೆಸುಣ್ಣದ ದಪ್ಪ ಅಕ್ಷರ ಗಾಜಿನೊಳಗಿನಿಂದಲೂ ಓದುವಂತಿತ್ತು. ಬಂದರು, ಹಳೆ ಸೇತುವೆ ಮಾರ್ಗವಾಗಿ, ಮೂರನೇ ಪ್ಲಾಟ್‌ಫಾರ್ಮು.

ಮಗಳಿಗೆ ತನ್ನ ಮೇಲೆ ತನಗೇ ನಗು ಬಂತು. ಗೊತ್ತಿಲ್ಲದ ವಿದ್ಯೆಯೇನಲ್ಲ, ಗೋದಾಮಿನಲ್ಲಿ ವಾರಕ್ಕೊಮ್ಮೆಯಾದರೂ ಮಾಡುತ್ತಿದ್ದದ್ದೇ. ಸಿಟ್ಟಿನ ಭರದಲ್ಲಿ ಅವನ ಸಾಲಿನಲ್ಲಿ ಅವನಿಗಿಂತ ಮುಂದೆ ನಿಲ್ಲಬೇಕು ಎಂದು ಗುದ್ದಾಡುತ್ತಿದ್ದಳಲ್ಲ, ಸಾಲಿನಲ್ಲಿ ನಿಲ್ಲಲೇಬೇಕೆಂದು ಯಾರು ಹೇಳಿದರು? ಬರೀ ಹೆಸರು ಹಿಡಿದು ಕರೆಯುವವರಿಗೆ ಸಾಲು. ಪೂರ್ತಿ ದಾರಿ ಹೇಳಿ ಕರೆಯುವವರಿಗೆ ಯಾವ ಸಾಲೂ ಇಲ್ಲ, ಬೀಗವೂ ಇಲ್ಲ.

"ನಿಮ್ಮ ಪರ್ಮಿಷನ್ ನೀವೇ ಇಟ್ಕೊಳ್ಳಿ ಅಣ್ಣಾ" ಎಂದು ಅವಳು ತೋಳೇರಿಸಿದಳು.

ಅಮ್ಮನ ಪ್ರೋಗ್ರಾಮಿನ ಚಿತ್ರದ ಹಿಂದೆ ಬರೆದಿದ್ದ ಪೈಥಾನ್ ಎಂಬ ಒಂಟಿ ಪದವನ್ನು ಅಳಿಸಿದಳು. ಅದರ ಜಾಗದಲ್ಲಿ ಹಳೆಯ ಪೈಥಾನಿನ ಇಡೀ ವಿಳಾಸ ಬರೆದಳು. ಯಾವ ಡ್ರೈವು, ಅದರೊಳಗೆ ಯಾವ ಫೋಲ್ಡರು, ಅದರೊಳಗೆ ಮತ್ತೆ ಯಾವುದು ಎಂದು ಒಂದೂ ಬಿಡದೆ ಬರೆದಳು. ಒಂದು ಅಕ್ಷರ ತಪ್ಪಿದರೂ ಕೆಲಸ ಕೆಡುತ್ತದೆ ಎಂದು ಬೆರಳಿಟ್ಟು ಓದಿದಳು. ಆಮೇಲೆ ಚಿತ್ರದ ಮೇಲೆ ಒತ್ತಿದಳು. ಕಪ್ಪು ಕಿಟಕಿ ತೆರೆಯಿತು. ಈ ಸಲ ಕಣ್ಣು ಮಿಟುಕಿಸಲಿಲ್ಲ, ನಿಂತುಕೊಂಡಿತು. ಅಮ್ಮ ಟೈಪ್ ಮಾಡುವ ಬಿಳಿ ಪಟ್ಟಿ ಪರದೆಯ ಮೇಲೆ ಬಂತು.

ಅವಳು ಗಾಜಿಗೆ ಟಕಟಕ ಬಡಿದಳು. ಅಮ್ಮ ತಿರುಗಿ ನೋಡಿ, ಮಗಳ ಮುಖ ನೋಡಿಯೇ ವಿಷಯ ತಿಳಿದು, ಸ್ಲೇಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದಳು. ಬಂದವಳು ಕೂರಲಿಲ್ಲ. ಸ್ಪೀಕರಿಗೆ ಸಿಕ್ಕಿಸಿದ್ದ ಡಬ್ಬಿಯ ತಂತಿಯನ್ನು ಎಳೆದು ತೆಗೆದು, ನೀಟಾಗಿ ಸುತ್ತಿ, ಫಾರ್ಮ್ಯಾಟಣ್ಣನ ಕೈಗೆ ಕೊಟ್ಟಳು. ಅವನು ಬೆಪ್ಪಾಗಿ ಹಿಡಿದುಕೊಂಡ.

"ನೀವು ನನ್ನ ಕೇಳಬೇಕಿತ್ತು" ಎಂದ.

"ನಿನ್ನೆ ನೀವು ಕೇಳಿದ್ರಾ?" ಎಂದಳು ಮಗಳು.

ಮ್ಯಾನೇಜರು ಬರುವ ಹೊತ್ತಿಗೆ ಬಾಗಿಲಲ್ಲಿ ಡ್ರೈವರುಗಳ ಗುಂಪು ಇನ್ನೂ ದೊಡ್ಡದಾಗಿತ್ತು. ಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಮಧ್ಯಾಹ್ನದ ಬಂದರು ಬಸ್ಸು ಹೊರಡುವ ಹೊತ್ತು ಹತ್ತಿರವಾಗಿತ್ತು. ಅಮ್ಮ ಕುರ್ಚಿ ಸರಿಮಾಡಿಕೊಂಡಳು, ಕನ್ನಡಕ ಏರಿಸಿಕೊಂಡಳು, ಟೈಪ್ ಮಾಡಿದಳು. ಕೊನೆಯ ಗುಂಡಿ ಒತ್ತುವ ಮುಂಚೆ ಮಗಳು ಕಂಪ್ಯೂಟರಿನ ತಂತಿಯನ್ನು ಸ್ಪೀಕರಿಗೆ ಮರಳಿ ಸಿಕ್ಕಿಸಿದಳು.

"ಗಮನಿಸಿ" ಎಂದಿತು ಅಮ್ಮನ ದನಿ, ಕಂಬ ಕಂಬದಿಂದ. "ಬಂದರಿಗೆ ಹೋಗುವ ಬಸ್ಸು, ಹಳೆ ಸೇತುವೆ ಮಾರ್ಗವಾಗಿ, ಆಸ್ಪತ್ರೆ ಮುಂದೆ ಹಾದು, ಮೂರನೇ ಪ್ಲಾಟ್‌ಫಾರ್ಮಿನಿಂದ."

ಆಮೇಲೆ ಆಸ್ಪತ್ರೆಗೆ ಹೋಗುವವರು ಮೂರನೇ ಪ್ಲಾಟ್‌ಫಾರ್ಮಿನತ್ತ ಸಾವಧಾನವಾಗಿ ನಡೆದರು. ನುಗ್ಗಾಟವಿರಲಿಲ್ಲ. ಯಾವನೋ ಡ್ರೈವರು ಉದ್ದಕ್ಕೆ ಹಾರ್ನ್ ಹೊಡೆದ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. ಅಷ್ಟು ಜನರೆದುರು ಆಡಿದ ಮಾತು ನುಂಗುವ ಹಾಗಿರಲಿಲ್ಲ. "ಸರಿ, ಆಯ್ತು. ಇದೇ ಇರಲಿ. ಡಬ್ಬಿ ವಾಪಸ್ ಕಳಿಸೋಣ" ಎಂದರು. ಹಾಗೆಂದು ಪೂರ್ತಿ ಸೋಲಲೂ ಮನಸ್ಸು ಬರಲಿಲ್ಲವೇನೋ. "ಆದ್ರೆ ಮೈಕಮ್ಮಾ, ಬೆಳಗ್ಗಿಂದ ಜನಕ್ಕೆ ತೊಂದ್ರೆ ಆಗಿದೆ. ಕಂಪ್ಲೇಂಟ್ ಬರುತ್ತೆ. ಅಡಚಣೆಗೆ ವಿಷಾದಿಸುತ್ತೇವೆ ಅಂತ ಒಂದು ಮಾತು ಹೇಳಿಬಿಡಿ. ನಿಮ್ಮ ದನಿ ಅಲ್ವಾ, ನಿಮ್ಮಿಂದಲೇ ಬರಲಿ."

ಅಮ್ಮ ಮಗಳ ಮುಖ ನೋಡಿದಳು. ಮಗಳು ಬೇಡ ಎನ್ನುವಷ್ಟರಲ್ಲಿ ಅಮ್ಮ ಶಿಸ್ತಾಗಿ ಟೈಪ್ ಮಾಡಿ ಒತ್ತಿಯೇಬಿಟ್ಟಳು.

"ಗಮನಿಸಿ. ಬೆಳಗಿನ ಅಡಚಣೆಗೆ" ಎಂದ ಸ್ಪೀಕರು ಅಲ್ಲಿಗೇ ನಿಂತಿತು.

"ಮತ್ತೆ ಕೆಟ್ಟಿತಾ?" ಎಂದರು ಮ್ಯಾನೇಜರು. ಫಾರ್ಮ್ಯಾಟಣ್ಣನ ಕಣ್ಣಲ್ಲಿ ಆಸೆ ಮಿಂಚಿತು.

"ಕೆಟ್ಟಿಲ್ಲ ಸಾರ್" ಎಂದಳು ಮಗಳು. "ಆ ಮಾತು ಇದರಲ್ಲಿ ಇಲ್ಲ."

"ಇಲ್ಲದಿದ್ರೆ ಹಾಕಿ."

"ಹಾಕೋಕೆ ಅಮ್ಮನ ಗಂಟಲು ಬೇಕು. ಗಂಟಲಿದ್ದಾಗ ಹೇಳು ಹೇಳು ಅಂತ ಕಾಲಿಗೆ ಬಿದ್ದೆ, ಹೇಳಲಿಲ್ಲ. ಇನ್ನು ಯಾರು ಏನು ಮಾಡಿದ್ರೂ ಬರಲ್ಲ."

ಅಷ್ಟರಲ್ಲಿ ಅಮ್ಮನ ಬೆರಳುಗಳು ಮತ್ತೆ ಓಡತೊಡಗಿದ್ದವು. ಭುಜ ಕುಲುಕುತ್ತಿತ್ತು. ಸದ್ದಿಲ್ಲದೆ ನಗುತ್ತಿದ್ದಾಳೆ ಎಂದು ಮಗಳಿಗೆ ಗೊತ್ತಾಯಿತು. ಅವಳು ಅಡ್ಡ ಬರಲಿಲ್ಲ.

"ಗಮನಿಸಿ" ಎಂದಿತು ಮೈಕಮ್ಮನ ದನಿ ಇಡೀ ನಿಲ್ದಾಣಕ್ಕೆ ಕೇಳುವಂತೆ. "ಬೆಳಗಿನ ಅಡಚಣೆಗೆ ಕಾರಣ ನಾನಲ್ಲ."

ಹೊರಗೆ ಯಾರೋ ಗೊಳ್ಳೆಂದು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಪ್ಲಾಸ್ಟರಿನ ಹೆಂಗಸು ಬಸ್ಸಿನ ಕಿಟಕಿಯಿಂದ ಸರಿಯಿದ್ದ ಕೈಯನ್ನು ಹೊರಚಾಚಿ ಬೀಸಿದಳು. ಮ್ಯಾನೇಜರು ಡಬ್ಬಿ ಎತ್ತಿಕೊಂಡು ನಡಿ ಎಂದು ಫಾರ್ಮ್ಯಾಟಣ್ಣನಿಗೆ ಸನ್ನೆ ಮಾಡಿ ಹೊರಟರು. ಅಮ್ಮ ಅವರತ್ತ ನೋಡಲೂ ಇಲ್ಲ. ಗಣಿಗೆ ಹೋಗುವ ಬಸ್ಸು ಬಂದು ನಿಂತಿತ್ತು. ಅದು ಯಾವ ದಾರಿಯಾಗಿ ಹೋಗುತ್ತದೆ ಎಂದು ಜನಕ್ಕೆ ಹೇಳಬೇಕಿತ್ತು.